ತಿಕ್ಕಿ ತೊಳೆದ ಮೀನಿನ ಪೆಟ್ಟಿಗೆ

ನನ್ನ ಹೊಲಿಗೆ ಮಶೀನ್ ಇದ್ದ ಜಾಗದಲ್ಲಿ ಮೀನಿನ ಪೆಟ್ಟಿಗೆ ಕೂತಿತ್ತು.

ಕನ್ನೊಳ್ಳಿಯಲ್ಲಿ ನಮ್ಮವ್ವನಿಗೆ ಕಣ್ಣಿನ ಪೊರೆ ತೆಗೆಸಿ, ಹನ್ನೆರಡು ದಿನ ಅವಳ ಹತ್ತಿರ ಇದ್ದು, ಸಿಂದಗಿಯಲ್ಲಿ ಬಸ್ಸು ಹಿಡಿದು ಮುದ್ದೇಬಿಹಾಳಕ್ಕೆ ಬಂದಿಳಿದಾಗ ಮಧ್ಯಾಹ್ನ ಎರಡಾಗಿತ್ತು. ಒಂದು ಕೈಯಲ್ಲಿ ಅವ್ವ ಕಟ್ಟಿಕೊಟ್ಟ ಶೇಂಗಾ ಹೋಳಿಗೆ, ಇನ್ನೊಂದು ಕೈಯಲ್ಲಿ ಮೂರನೆಯ ಇಯತ್ತೆ ಓದುವ ಮಗಳು ಪ್ರಜ್ಞಾ. ಹೊಸ್ತಿಲು ದಾಟಿ ಚೀಲ ಇಳಿಸುವ ಮೊದಲೇ ನನ್ನ ಕಣ್ಣು ಕಿಟಕಿಯ ಕಡೆಗೆ ಹೋಯಿತು. ಬೆಳಕು ಬೀಳುವ ಜಾಗ ಅದೊಂದೇ. ಅಲ್ಲಿ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಮೂರು ಅಡಿ ಉದ್ದದ ಖಾಲಿ ಗಾಜಿನ ಪೆಟ್ಟಿಗೆ, ಅದರೊಳಗೆ ಬಣ್ಣ ಹೋದ ಪ್ಲಾಸ್ಟಿಕ್ ಕೋಟೆ, ಗಾಜಿಗೆ ಒಣಗಿ ಹತ್ತಿದ ಪಾಚಿ.

"ಅತ್ತ್ಯಾರ, ನನ್ ಮಶೀನ್ ಎಲ್ಲೈತ್ರಿ?"

ಅತ್ತೆ ಸುಂದರವ್ವ ಪಡಸಾಲೆಯಲ್ಲಿ ಮಡಿಕೆ ಕಾಳು ಹಸನು ಮಾಡುತ್ತ ಕೂತಿದ್ದಳು. (ಬಾಯಲ್ಲಿ ಅವಳಿಗೆ 'ರಿ' ಹಚ್ಚಿಯೇ ಮಾತಾಡುತ್ತೇನೆ, ಇಲ್ಲಿ ಹಚ್ಚುವ ಮನಸ್ಸಿಲ್ಲ.) ಮೊರದಿಂದ ತಲೆ ಎತ್ತಲಿಲ್ಲ.

"ರೇಣುಕಾ ಒಯ್ದಾಳ."

"ಒಯ್ದಾಳಂದ್ರ?"

"ಒಯ್ದಾಳಂದ್ರ ಒಯ್ದಾಳ. ಅಕಿ ಮಗಳು ಹೊಲಿಗಿ ಕಲೀತಾಳಂತ. ಇಲ್ಲಿ ಸುಮ್ನ ಧೂಳ ತಿನ್ನಾಕತ್ತಿತ್ತು."

"ಹನ್ನೆರಡ ದಿನದಾಗ ಧೂಳ ತಿಂತೇನ್ರಿ?"

"ಬರೇ ಕೈಲೆ ಒಯ್ದಿಲ್ಲವಾ ತಾಯಿ. ಅವ್ರು ಇಂಡ್ಯಾಗ ದೊಡ್ಡ ಪೆಟಗಿ ತಗೊಂಡಾರ. ಇದನ್ನ ನಮಗ ಬಿಟ್ಟು ಹೋಗ್ಯಾಳ. ಮನ್ಯಾಗ ಮೀನ ಇದ್ರ ಮಂದಿ ಕಣ್ಣ ಮೀನಿಗಿ ಬೀಳ್ತೈತಿ, ನಮಗ ಬೀಳಂಗಿಲ್ಲ."

ಯಾವ ಟೆಂಪೊದಲ್ಲಿ ಇಂಡಿ ಊರಿನ ನಾದಿನಿ ರೇಣುಕಾಳ ಹಳೆಯ ಗಾಜಿನ ಪೆಟ್ಟಿಗೆ ಬಂತೋ ಅದೇ ಟೆಂಪೊದಲ್ಲಿ ನನ್ನ ಮಶೀನ್ ಹೋಗಿದೆ. ಅದು ಅಪ್ಪ ಮದುವೆಯಲ್ಲಿ ಕೊಟ್ಟದ್ದಲ್ಲ, ಗಂಡ ಕೊಡಿಸಿದ್ದಲ್ಲ. ನಾಲ್ಕು ವರ್ಷ ಮಂದಿಯ ಮಶೀನಿನ ಮೇಲೆ ಕೂಲಿಗೆ ಹೊಲಿದು ನಾನೇ ತಗೊಂಡದ್ದು. ಓಣಿಯ ಹೆಂಗಸರ ಅರ್ಧ ಜಂಪರುಗಳು ಅದರ ಸೂಜಿಯ ಕೆಳಗೆ ಹಾದು ಹೋಗಿವೆ. ಅದು ಇದ್ದರೆ ಈ ಮನೆಯಲ್ಲಿ ನನಗೊಂದು ಮಾತು ಇರುತ್ತಿತ್ತು. ಅದಿಲ್ಲದಿದ್ದರೆ ನಾನು ರೊಟ್ಟಿ ಬಡಿಯುವವಳು, ಅಷ್ಟೇ.

ಆ ಸಂಜೆ ಊಟಕ್ಕೆ ಕೂತಾಗ ಗಂಡನಿಗೆ ರೊಟ್ಟಿ ಹಾಕುತ್ತ ಕೇಳಿದೆ. ನಮ್ಮನೆಯವರು, ಗುರುನಾಥ, ಇಲ್ಲಿಯ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತರು. ಅಲ್ಲಿ ಇಡೀ ದಿನ ಹುಡುಗರ ಜೊತೆ ಜಗಳಾಡಿ ಬರುತ್ತಾರೆ, ಮನೆಯಲ್ಲಿ ಆಡುವುದಿಲ್ಲ.

"ತಂಗಿ ಕೇಳಿದ್ಲು. ಯವ್ವ ಹೂಂ ಅಂದ್ಲು. ನಾ ಏನ್ ಮಾಡ್ಲಿ?"

"ನನಗ ಒಂದ ಫೋನ್ ಮಾಡಬೇಕಿತ್ತು."

"ಮತ್ತೊಂದ ತಗೊಂಡ್ರಾತು ಬಿಡು ಮಾರಾಯ್ತಿ."

"ಮತ್ತೊಂದ ಬ್ಯಾಡ. ಅದ ಬೇಕು. ಹೆಂಗ ಹೋಗೇತಿ, ಹಂಗ ಬರಬೇಕು."

"ಬರ್ತೈತಿ, ಬರ್ತೈತಿ," ಎಂದು ಅತ್ತೆ ಶೇಂಗಾ ಹಿಂಡಿಯನ್ನು ಮೊಸರಿನಲ್ಲಿ ಕಲಸಿಕೊಂಡಳು. "ನೀ ಈಗ ಖಾಲೀನ ಅದಿಯಲ್ಲ. ಆ ಪೆಟಗಿ ತೊಳದು ಇಡು."

ಅವತ್ತೇ ನಾನು ಮನಸ್ಸಿನಲ್ಲಿ ಗಂಟು ಹಾಕಿದೆ. ಮಶೀನ್ ಬರಬೇಕು, ಬರೀ ಬರುವುದಲ್ಲ, ಒಯ್ದವಳು ಅಳುತ್ತ ಕೂರಬೇಕು. ನಾನು ಸೇಡಿನವಳು. ಈಗಲೂ ಅದನ್ನು ಮುಚ್ಚಿಡುವುದಿಲ್ಲ.

ನಮ್ಮ ಊರಿನಲ್ಲಿ ನಳಕ್ಕೆ ನೀರು ಬರುವುದು ಎಂಟು ದಿನಕ್ಕೊಮ್ಮೆ. ಆ ದಿನ ನಮ್ಮ ಮನೆಯಲ್ಲಿ ಯುದ್ಧ. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬ್ಯಾರಲ್ಲು, ಕೊಡ, ಹಂಡೆ, ಕಡೆಗೆ ಬುದ್ಧನ ಮುಂದಿನ ತಂಬಿಗೆಯವರೆಗೆ ಎಲ್ಲದರ ನೀರನ್ನೂ ಚೆಲ್ಲಿಸುತ್ತಾಳೆ. ಬೂದಿ, ಹುಣಸೆಹಣ್ಣು ಹಚ್ಚಿ ತಿಕ್ಕಿಸುತ್ತಾಳೆ. ಆಮೇಲೆ ಹೊಸ ನೀರು ತುಂಬಿಸುತ್ತಾಳೆ. ಹಳೆಯ ನೀರು ಅರ್ಧ ಬ್ಯಾರಲ್ಲು ಉಳಿದಿದ್ದರೂ ಅಷ್ಟೇ. ಅವಳ ಲೆಕ್ಕದಲ್ಲಿ ಹಳೆಯ ನೀರು ಅಂದರೆ ಹೊಲಸು.

ಆ ಸಲದ ನಳದ ದಿನ ಮೀನಿನ ಪೆಟ್ಟಿಗೆಗೂ ನಳದ ಪೈಪು ಹಚ್ಚಿದಳು. ನೀರು ಕನ್ನಡಿಯ ಹಾಗೆ ನಿಂತಿತು. ಗುರುನಾಥ ವಿಜಯಪುರಕ್ಕೆ ಹೋಗಿದ್ದವರು ಡಜನ್ ಬಣ್ಣದ ಮೀನು ತಂದು ಅದೇ ಸಂಜೆ ಒಳಗೆ ಸುರಿದರು. ಪ್ರಜ್ಞಾ ಕುಣಿದಳು. ಮರುದಿನ ಬೆಳಿಗ್ಗೆ ಏಳು ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಮೂರನೆಯ ದಿನ ಒಂದೂ ಉಳಿಯಲಿಲ್ಲ.

"ಇಕಿ ಹೊಟ್ಟಿಕಿಚ್ಚಿಗಿ ಸತ್ವು," ಅಂದಳು ಅತ್ತೆ, ನಾನು ಕೇಳಲೆಂದೇ. "ದಿನಾ ಕೆಂಗಣ್ಣ ಬಿಟಗೊಂಡು ನೋಡಿದ್ರ ಮೀನ ಹೆಂಗ ಉಳೀತಾವು?"

"ನನ್ನ ಕಣ್ಣಾಗ ಅಷ್ಟ ತಾಕತ್ ಇದ್ರ ಮೀನ ಯಾಕ ಸಾಯ್ತಿದ್ವು ಅತ್ತ್ಯಾರ," ಅಂದೆ. ಅವಳು ಲಟ್ಟಣಿಗೆ ನೆಲಕ್ಕೆ ಕುಟ್ಟಿದಳು.

ಖರೆ ಹೇಳುತ್ತೇನೆ, ನನಗೆ ಖುಷಿಯಾಗಿತ್ತು. ಆದರೆ ಪ್ರಜ್ಞಾ ಅತ್ತು ಅತ್ತು ಕಣ್ಣು ಊದಿಸಿಕೊಂಡಳು. ಅವಳೂ ಅವಳ ಮುತ್ಯಾ, ಅಂದರೆ ನನ್ನ ಮಾವನೂ ಹಿತ್ತಲಿನ ಕರಿಬೇವಿನ ಬುಡದಲ್ಲಿ ತಗ್ಗು ತೋಡಿ ಹನ್ನೆರಡನ್ನೂ ಸಾಲಾಗಿ ಮಲಗಿಸಿ ಮಣ್ಣು ಮುಚ್ಚಿದರು. ನಮ್ಮ ಮನೆಯಲ್ಲಿ ಭಾನುವಾರ ಬುದ್ಧ ವಂದನೆ ಆಗುತ್ತದೆ. ಐದೂ ಶೀಲಗಳು ಅವಳಿಗೆ ಬಾಯಿಪಾಠ. ಕೈಮುಗಿದು ಮೊದಲನೆಯದನ್ನು ಹೇಳಿದಳು: ಯಾವ ಜೀವವನ್ನೂ ಕೊಲ್ಲುವುದಿಲ್ಲ.

ಮಾವ ಚಂದಪ್ಪ ಮೂವತ್ತು ವರ್ಷ ಈ ಊರಿಗೆ ನೀರು ಬಿಟ್ಟ ವಾಲ್ವ್‌ಮನ್. ಮಾತು ಕಡಿಮೆ. ಕೈ ತೊಳೆದುಕೊಳ್ಳುತ್ತ ತಮ್ಮಷ್ಟಕ್ಕೆ ತಾವೇ ಅಂದರು:

"ನಳದ ನೀರಾಗ ಬ್ಲೀಚಿಂಗ್ ಇರ್ತೈತಿ. ಮಂದಿಗಿ ಅದು ಛಲೋ, ಮೀನಿಗಿ ವಿಷ. ಎರಡ ದಿನ ಬ್ಯಾರಲ್ಲಿನ ಬಾಯಿ ತೆರದು ಇಟ್ರ ಹೋಗ್ತಿತ್ತು."

"ಮಾವಾರ! ಮೊದ್ಲ ಯಾಕ ಹೇಳ್ಲಿಲ್ರಿ?"

"ಯಾರ್ ಕೇಳಿದ್ರು?"

ಅದೂ ಖರೆ. ಆ ಮನೆಯಲ್ಲಿ ಅವರನ್ನು ಯಾರೂ ಏನೂ ಕೇಳುತ್ತಿರಲಿಲ್ಲ.

ಅವತ್ತು ರೊಟ್ಟಿ ಬಡಿಯುತ್ತ ನನಗೊಂದು ಹಂಚಿಕೆ ಹೊಳೆಯಿತು. ರೇಣುಕಾಳ ಸ್ವಭಾವ ನನಗೆ ಗೊತ್ತು. ನನ್ನ ತವರಿನ ಹಿತ್ತಾಳೆ ಕೊಡ ಅವಳ ಮನೆಯಲ್ಲಿದೆ. ನಾನು ಎರಡೇ ಸಲ ಉಟ್ಟ ಇಳಕಲ್ಲ ಸೀರೆ ಅವಳ ಮನೆಯಲ್ಲಿದೆ. ಮೂಲೆಯಲ್ಲಿ ಬಿದ್ದದ್ದು ಅವಳಿಗೆ ಬೇಡ. ನನ್ನ ಕೈಯಲ್ಲಿ ಹೊಳೆದದ್ದು ಬೇಕು. ಹಾಗಾದರೆ ಈ ಪೆಟ್ಟಿಗೆ ಹೊಳೆಯಲಿ. ಓಣಿಯೆಲ್ಲ ಬಂದು ನೋಡುವ ಹಾಗೆ ಹೊಳೆಯಲಿ. ಆಗ ಅವಳ ಬಾಯಲ್ಲಿ ನೀರು ಬರುತ್ತದೆ, ಆಗ ನನ್ನ ಮಶೀನ್ ಬರುತ್ತದೆ.

ಭಾನುವಾರ ಪ್ರಜ್ಞಾಳನ್ನು ಕರೆದುಕೊಂಡು ವಿಜಯಪುರಕ್ಕೆ ಹೋದೆ. ಮೀನಿನ ಅಂಗಡಿಯ ಮಹಮ್ಮದಹನೀಫ ಚಾಚಾ ನನ್ನ ಕಥೆ ಕೇಳಿ ಹಣೆ ಹಣೆ ಬಡಿದುಕೊಂಡ.

"ಮೊದ್ಲನೇ ದಿನಾನ ಡಜನ್ ಬಿಟ್ರಿ? ಯಾ ಅಲ್ಲಾ! ಹೊಸಾ ಮನಿಗಿ ಒಲಿ ಹೂಡೂದಕ್ಕಿಂತ ಮೊದ್ಲ ಊಟಕ್ಕ ಕರದಂಗ ಆತಲ್ಲ ಬೇಟಿ."

"ನೀರು ಸ್ವಚ್ಛ ಇತ್ತಲ್ರಿ ಚಾಚಾ."

"ಸ್ವಚ್ಛ ಇದ್ದದ್ದಕ್ಕ ಸತ್ತಾವ." ತನ್ನ ತೊಟ್ಟಿಯೊಳಗೆ ಕೈ ಹಾಕಿ ಕಂದು ಬಣ್ಣದ, ಲೋಳೆ ಲೋಳೆಯಾದ ಒಂದು ಸ್ಪಂಜು ತೆಗೆದ. "ಮೀನಿನ ಹೊಲಸ ಮೀನಿಗಿ ವಿಷ. ಆ ವಿಷ ತಿನ್ನೂ ಸಣ್ಣ ಜೀವ ಇದರಾಗ ಅದಾವ. ಕಣ್ಣಿಗಿ ಕಾಣಂಗಿಲ್ಲ. ಹಾಲಿಗಿ ಹೆಪ್ಪ ಹಾಕ್ತೀರಲ್ಲ? ಇದು ನೀರಿಗಿ ಹೆಪ್ಪ."

ಪ್ರಜ್ಞಾ ಬೆರಳು ತಾಗಿಸಿ ನೋಡಿ, "ಹೊಲಸ ನಾರತೈತಿ," ಅಂದಳು.

"ನಾರಲಿ. ಇದನ್ನ ಎಂದೂ ನಳದ ನೀರಾಗ ತೊಳೀಬ್ಯಾಡ್ರಿ. ತೊಳದ್ರ ಹೆಪ್ಪ ಸತ್ತಂಗ. ಪೆಟಗಿ ಪೂರಾ ಖಾಲಿ ಮಾಡಬ್ಯಾಡ್ರಿ. ವಾರಕ್ಕ ಒಂದೆರಡ ಬಕೀಟ ತಗದು, ಎರಡ ದಿನ ತೆರದಿಟ್ಟ ನೀರು ಹಾಕ್ರಿ. ಹಳೀ ನೀರ ಮೀನಿನ ಮನಿ. ತಿಳೀತಿಲ್ಲೋ?"

"ತಿಳೀತ್ರಿ," ಎಂದು ನನಗಿಂತ ಮೊದಲು ಪ್ರಜ್ಞಾ ಹೇಳಿದಳು.

ಸ್ಪಂಜಿನ ತುಂಡನ್ನು ಅವನ ತೊಟ್ಟಿಯ ನೀರಿನ ಸಮೇತ ಕೈಚೀಲದಲ್ಲಿಟ್ಟುಕೊಂಡು, ಬಾಗೇವಾಡಿ ದಾಟಿ ಮನೆ ಮುಟ್ಟುವವರೆಗೆ ಅವಳು ತೊಡೆಯ ಮೇಲಿಂದ ಇಳಿಸಲಿಲ್ಲ. ಮಾವ ಎರಡು ದಿನ ಬಾಯಿ ತೆರೆದಿಟ್ಟ ಬ್ಯಾರಲ್ಲಿನ ನೀರು ತುಂಬಿದರು. ಡೋಣಿ ಹಳ್ಳದ ಮರಳು ಜರಡಿ ಹಿಡಿದು ಹಾಕಿದೆವು. ಉದ್ದ ಎಲೆಯ ನೀರುಗಿಡ ನೆಟ್ಟೆವು. ಗಾಳಿ ಬಿಡುವ ಪಂಪಿಗೆ ಸ್ಪಂಜು ಸಿಕ್ಕಿಸಿದೆವು. ಆಮೇಲೆ ಹೆಪ್ಪು ಬೆಳೆಯಲೆಂದು ಮೂರು ವಾರ ಮೀನು ಬಿಡದೆ ದಿನಾ ಒಂದು ಚಿಟಿಕೆ ಮೀನಿನ ಕಾಳು ಹಾಕಿದೆವು.

ಅತ್ತೆ ಓಣಿಯ ಹೆಂಗಸರನ್ನು ಕರೆದು ತೋರಿಸಿದಳು. "ಬರ್ರಿ, ನೋಡ ಬರ್ರಿ, ನಮ್ಮ ಸೊಸಿ ಬರೇ ನೀರಿಗಿ ಊಟಾ ಹಾಕಾಕತ್ತಾಳ!"

"ನಗ್ರಿ, ನಗ್ರಿ," ಅಂದೆ ನಾನು.

ಮೊದಲು ಎರಡು ಕರಿಯ ಮೋಲಿ ಮೀನು ಬಂದವು. ಹದಿನೈದು ದಿನ ಬಿಟ್ಟು ನಾಲ್ಕು ಕಿತ್ತಳೆ ಬಣ್ಣದ ಪ್ಲಾಟಿ. ಆಮೇಲೆ ಗಪ್ಪಿ. ನಮ್ಮ ಕಡೆಯ ಗಡಸು ನೀರಿಗೆ ಇವೇ ಹೊಂದುತ್ತವೆ, ಒಂದನ್ನೊಂದು ಕಚ್ಚುವುದಿಲ್ಲ ಎಂದು ಚಾಚಾ ಆರಿಸಿ ಕೊಟ್ಟಿದ್ದ. ಪ್ರಜ್ಞಾ ಎಲ್ಲಕ್ಕೂ ಹೆಸರಿಟ್ಟಳು. ಗಂಭೀರವಾಗಿ ತಿರುಗುವ ದೊಡ್ಡ ಕರಿಯ ಮೋಲಿ 'ಹೆಡ್ ಮಾಸ್ತರ'. ಕ್ಯಾರೆಟ್ ಬಣ್ಣದ ಪ್ಲಾಟಿಗಳು 'ಗಜ್ಜರಿಗಳು'. ಉದ್ದ ಬಾಲದ ಗಪ್ಪಿ 'ಸೀರಿ ಉಟ್ಟಾಕಿ'. ಶಾಲೆಯಿಂದ ಬಂದವಳೇ ಚೀಲ ಎಸೆದು ಗಾಜಿಗೆ ಮೂಗು ಹಚ್ಚಿ ನಿಲ್ಲುತ್ತಿದ್ದಳು. ಚುರುಮುರಿ ತಿನ್ನುತ್ತ ಅವತ್ತಿನ ಪಾಠವನ್ನೆಲ್ಲ ಹೆಡ್ ಮಾಸ್ತರನಿಗೆ ಒಪ್ಪಿಸುತ್ತಿದ್ದಳು.

ನಳದ ದಿನ ಬಂದರೆ ಮಾವ ಕುರ್ಚಿ ತಂದು ಪೆಟ್ಟಿಗೆಗೆ ಅಡ್ಡ ಹಾಕಿ ಕೂತುಬಿಡುತ್ತಿದ್ದರು. ಅತ್ತೆ ಪೈಪು ಹಿಡಿದು ಎದುರು ನಿಲ್ಲುವಳು.

"ಏಳ್ರಿ. ತಿಂಗಳಾತು, ಅದ ನೀರ ಐತಿ. ಮನ್ಯಾಗ ರೋಗ ಬರ್ತೈತಿ."

"ಬರಲಿ."

"ಮುದುಕ ಆದ್ರೂ ಬುದ್ಧಿ ಬರಲಿಲ್ಲ."

"ಮೂವತ್ತ ವರ್ಷ ನಾ ಬಿಟ್ಟ ನೀರ ಕುಡದೀ. ಈಗ ಸುಮ್ನ ಹೋಗು."

ಮಾವ ಅಷ್ಟು ಉದ್ದ ಮಾತಾಡಿದ್ದು ನಾನು ಮೊದಲ ಸಲ ಕೇಳಿದ್ದು. ಪ್ರಜ್ಞಾ ಚಪ್ಪಾಳೆ ತಟ್ಟಿದಳು.

ದಸರೆ ರಜೆಯ ಹೊತ್ತಿಗೆ ಗಜ್ಜರಿಗಳು ಮರಿ ಹಾಕಿದ್ದವು. ಎಳ್ಳಿನ ಕಾಳಿನಷ್ಟು ಮರಿಗಳು ಗಿಡದ ಸಂದಿಯಲ್ಲಿ ಅಡಗಿ ಅಡಗಿ ಹೊರಬರುತ್ತಿದ್ದವು. ಅಷ್ಟರಲ್ಲಿ ರೇಣುಕಾ ಬಂದಳು. ಇಂಡಿಯಲ್ಲಿ ಅವಳ ಗಂಡ ಯುವರಾಜ ಹೊಸ ಮನೆ ಕಟ್ಟಿಸಿದ್ದ. ಪ್ರವೇಶಕ್ಕೆ ಕರೆಯಲು ಬಂದಿದ್ದಳು. ಹೊಸ್ತಿಲಲ್ಲಿಯೇ ನಿಂತಳು. ನೋಡಿದಳು. ನಾನು ಒಲೆಯ ಮುಂದಿನಿಂದ ಅವಳ ಮುಖವನ್ನೇ ನೋಡುತ್ತಿದ್ದೆ.

"ಯವ್ವಾ! ಇದು ನಮ್ದ ಪೆಟಗಿ ಅಲ್ಲ?"

"ನಿಂದ ಐತವಾ," ಅಂದಳು ಅತ್ತೆ.

"ಇಷ್ಟ ಛಂದ ಹೆಂಗಾತು? ನಮ್ಮ ದೊಡ್ಡ ಪೆಟಗಿ ನಾರಾಕತ್ತಿತ್ತು. ಮೀನ ಎಲ್ಲಾ ಸತ್ವು. ಅದರಾಗ ಈಗ ಉಳ್ಳಾಗಡ್ಡಿ ಇಟ್ಟೀವಿ." ಗಾಜಿನ ಸುತ್ತ ಎರಡು ಸುತ್ತು ಹಾಕಿದಳು. "ಅಣ್ಣಾ, ಪ್ರವೇಶಕ್ಕ ವಿಜಯಪುರದಿಂದ ಭಂತೇಜಿ ಬರ್ತಾರ. ನಮ್ಮ ಅತ್ತಿಕಡೆ ಮಂದಿ ಎಲ್ಲಾ ಬರ್ತಾರ. ಪಡಸಾಲ್ಯಾಗ ಇದನ್ನ ಇಟ್ರ ಎಷ್ಟ ಛಂದ ಕಾಣ್ತೈತಿ!"

ಗುರುನಾಥ ನನ್ನ ಕಡೆ ನೋಡಿದರು. ಅತ್ತೆ ನೋಡಲಿಲ್ಲ. "ಒಯ್ಯಿ. ನಿನ್ನ ವಸ್ತು ನೀ ಒಯ್ಯಾಕ ಯಾರಪ್ಪನ ಅಪ್ಪಣೆ ಬೇಕು?"

ನಾನು ರೊಟ್ಟಿ ಹಂಚಿನ ಮೇಲೆ ಹಾಕಿ, ಕೈ ಒರೆಸಿಕೊಂಡು ಹೊರಗೆ ಬಂದೆ.

"ಹೌದು, ಒಯ್ಯಿ ರೇಣುಕಾ. ಮೀನ, ಗಿಡ, ಪಂಪ್, ಎಲ್ಲಾ ಒಯ್ಯಿ. ಆದ್ರ ಟೆಂಪೊ ಬರೂ ಮುಂದ ಖಾಲಿ ಬರಬಾರದು. ನನ್ನ ಮಶೀನ್ ಇಳಿಸಬೇಕು, ಆಮ್ಯಾಲ ಪೆಟಗಿ ಏರಿಸಬೇಕು."

"ವೈನಿ, ನನ್ನ ಮಗಳು ಕಲಿಯಾಕತ್ತಾಳ..."

"ನಿನ್ನ ವಸ್ತು ನಿನಗ. ನನ್ನ ವಸ್ತು ನನಗ. ಅತ್ತ್ಯಾರ ಈಗ ಅದನ್ನ ಹೇಳಿದ್ರಲ್ಲ?"

ರೇಣುಕಾ ಇನ್ನೊಮ್ಮೆ ಮೀನುಗಳ ಕಡೆ ನೋಡಿದಳು. ಸೀರಿ ಉಟ್ಟಾಕಿ ಅದೇ ಹೊತ್ತಿಗೆ ಬಾಲ ಬಿಚ್ಚಿ ತಿರುಗಿತು. "ಆತು," ಅಂದಳು.

ಪ್ರಜ್ಞಾ ಅವತ್ತು ಊಟಕ್ಕೆ ಬರಲಿಲ್ಲ. ನಾನು ಪಕ್ಕದಲ್ಲಿ ಕೂತು ಪುಂಡಿಪಲ್ಯ ಹಚ್ಚಿ ತುತ್ತು ಮಾಡಿದೆ.

"ಮರಿಗಳನ್ನ ಸೈತ ಕೊಡ್ತೀ?"

"ರೇಣುಕಾ ಅತ್ತಿ ಮನಿ ಬ್ಯಾರೆ ಅಲ್ಲ. ಶಾಲಿ ಸೂಟಿಗಿ ಹೋಗಿ ನೋಡಬಹುದು."

"ಹೆಡ್ ಮಾಸ್ತರಗ ಹೆಂಗ ನೋಡಿಕೋಬೇಕು ಅಂತ ಅತ್ತಿಗಿ ಹೇಳ್ತಿಯಿಲ್ಲೋ? ಹೆಪ್ಪಿಂದು, ಹಳೀ ನೀರಿಂದು?"

"ಹೇಳ್ತೇನಿ."

"ಖರೇನ?"

"ಖರೇನ. ಬಾಯಿ ತೆಗಿ."

ಅವಳು ತುತ್ತು ನುಂಗಿದಳು.

ಟೆಂಪೊ ಬರುವ ದಿನ ಬೆಳಿಗ್ಗೆ ಮೀನುಗಳನ್ನು ಅವುಗಳ ನೀರಿನ ಸಮೇತ ಎರಡು ಮುಚ್ಚಳದ ಬಕೀಟಿಗೆ ಇಳಿಸಿದೆ. ಒಯ್ದವಳನ್ನು ಅಳಿಸುವ ಮಾತು ಅಷ್ಟೊತ್ತಿಗೆ ಮರೆತೇ ಹೋಗಿತ್ತು, ನನ್ನ ಮನಸ್ಸಿನಲ್ಲಿ ಮಶೀನ್ ಒಂದೇ ಇತ್ತು, ಬುದ್ಧನ ಆಣೆ. ಅಷ್ಟರಲ್ಲಿ ಅತ್ತೆ ಬಂದು ಪೆಟ್ಟಿಗೆಯೊಳಗೆ ಇಣುಕಿ ಮೂಗು ಮುಚ್ಚಿಕೊಂಡಳು.

"ಶೀ! ಇಷ್ಟ ಹೊಲಸ ಕೊಡ್ತಿಯೇನ ನನ್ನ ಮಗಳಿಗಿ? ಬೀಗರ ಎದುರಿಗಿ ಅಕಿ ಮಾನ ಕಳೀಬೇಕಂತ ಮಾಡಿಯೇನು? ತಿಕ್ಕು. ಮರಳ ತೊಳಿ. ಆ ಸ್ಪಂಜ್ ನೋಡು, ಸಗಣಿ ಉಂಡಿ ಆಗೇತಿ. ಕುದಿಯೂ ನೀರಾಗ ಹಾಕು."

ನಾನು ಅವಳ ಮುಖ ನೋಡಿದೆ. ಬೇಡ, ಹಾಗೆ ಮಾಡಿದರೆ ಮೀನು ಸಾಯುತ್ತವೆ ಎಂದು ಹೇಳಲು ಬಾಯಿ ತೆರೆದೆ. ತೆರೆದ ಬಾಯಿಂದ ಬಂದದ್ದು ಬೇರೆ.

"ಆತ್ರಿ ಅತ್ತ್ಯಾರ. ನೀವು ಹೇಳಿದಂಗ."

ಹನ್ನೊಂದು ವರ್ಷದಲ್ಲಿ ನಾನು ಅಷ್ಟು ಒಳ್ಳೆಯ ಸೊಸೆಯಾದದ್ದು ಅದೊಂದೇ ದಿನ. ಬೂದಿ ಹಚ್ಚಿದೆ, ಹುಣಸೆಹಣ್ಣು ಹಚ್ಚಿದೆ, ಗಾಜು ಕಿರ್ ಕಿರ್ ಎನ್ನುವವರೆಗೆ ತಿಕ್ಕಿದೆ. ಮರಳನ್ನು ಏಳು ನೀರಲ್ಲಿ ತೊಳೆದೆ. ಸ್ಪಂಜನ್ನು ಹಂಡೆಯ ಕುದಿ ನೀರಿಗೆ ಹಾಕಿ ಕೋಲಿನಿಂದ ಅದ್ದಿದೆ.

"ಅವ್ವಾ!" ಪ್ರಜ್ಞಾ ಓಡಿ ಬಂದಳು. "ಅವ್ವಾ, ಹೆಪ್ಪ! ಹೆಪ್ಪ ಸಾಯ್ತೈತಿ!"

"ಸುಮ್ಕಿರು."

"ಚಾಚಾ ಹೇಳಿದ್ದಿಲ್ಲೇನು..."

"ಸುಮ್ಕಿರು ಅಂದ್ನಿಲ್ಲ!"

ಮಾವ ಹಿತ್ತಲ ಬಾಗಿಲಲ್ಲಿ ನಿಂತಿದ್ದರು. ಹಂಡೆ ನೋಡಿದರು, ನನ್ನನ್ನು ನೋಡಿದರು, ಹೆಗಲ ಟವೆಲ್ಲು ಝಾಡಿಸಿ ಹೊರಗೆ ನಡೆದರು. ಅತ್ತೆ ಬಿಳಿಯ ಸ್ಪಂಜು ಹಿಂಡುತ್ತ, "ಈಗ ನೋಡು ಹೆಂಗ ಆತು! ಕೈ ಐತಿ ನಿನಗ, ಮನಸ್ಸ ಇಲ್ಲ ಅಷ್ಟ," ಅಂದಳು. ಮದುವೆಯಾದ ಮೇಲೆ ಅವಳಿಂದ ನಾನು ಕೇಳಿದ ಮೊದಲ ಹೊಗಳಿಕೆ ಅದು.

ಟೆಂಪೊ ಬಂತು. ನನ್ನ ಮಶೀನ್ ಇಳಿಯಿತು. ಮೇಲೆ ಯಾರೋ ಮಕ್ಕಳ ಚಿತ್ರದ ಚೀಟಿ ಅಂಟಿಸಿದ್ದರು, ಬೆಲ್ಟು ಸಡಿಲಾಗಿತ್ತು. ಸೆರಗಿನಿಂದ ಒರೆಸಿ ಕಿಟಕಿಯ ಕೆಳಗೆ ಇಟ್ಟೆ. ಪೆಟ್ಟಿಗೆ ಹೋಯಿತು.

ಸಂಜೆ ಇಂಡಿಯಿಂದ ರೇಣುಕಾಳ ಫೋನು ಬಂತು. ಪ್ರಜ್ಞಾ ನನ್ನ ಕಾಲ ಹತ್ತಿರ ಕೂತು ಮಗ್ಗಿ ಬರೆಯುತ್ತಿದ್ದಳು.

"ವೈನಿ, ಪೆಟಗಿ ಹೊಳ್ಯಾಕತ್ತೈತಿ ನೋಡ್ರಿ! ನೀರು ಯಾವ್ದು ಹಾಕ್ಲಿ? ಬಕೀಟನ್ಯಾಗಿನ ನೀರು ಹಳದಿ ಆಗೇತಿ, ಅದನ್ನ ಚೆಲ್ಲಿಬಿಡಲೇನು? ಪ್ರವೇಶಕ್ಕಂತ ಹೊಸಾ ನೀರಿನ ಸಂಪ್ ಇವ್ರು ಇವತ್ತ ಬ್ಲೀಚಿಂಗ್ ಹಾಕಿ ತೊಳಸಿ ತುಂಬಸ್ಯಾರ. ಆ ನೀರು ನಡೀತೈತೇನು?"

ಆ ಗಳಿಗೆಯಲ್ಲಿ ಒಂದು ಮಾತು ಸಾಕಾಗಿತ್ತು. ಹಿತ್ತಾಳೆ ಕೊಡ ನೆನಪಾಯಿತು. ಇಳಕಲ್ಲ ಸೀರೆ ನೆನಪಾಯಿತು. 'ಸುಮ್ನ ಧೂಳ ತಿನ್ನಾಕತ್ತಿತ್ತು' ಎಂದದ್ದು ನೆನಪಾಯಿತು.

"ನಡೀತೈತಿ ತಗೋ. ಸ್ವಚ್ಛ ಇದ್ದದ್ದ ಹಾಕು."

"ಮೀನ ಈಗ ಬಿಡ್ಲೇನು?"

"ಬ್ಯಾಡ. ನಾಳೆ ಮುಂಜಾನೆ, ಮಂದಿ ಬರೂ ಹೊತ್ತಿಗಿ ಬಿಡು. ನೋಡೋರಿಗಿ ಛಂದ."

ಫೋನ್ ಇಟ್ಟೆ. ಪ್ರಜ್ಞಾಳ ಪೆನ್ಸಿಲ್ ನಿಂತಿತ್ತು. ಅವಳು ನನ್ನನ್ನು ನೋಡುತ್ತಿದ್ದಳು. "ಬರಿ," ಅಂದೆ. ಬರೆದಳು.

ಮರುದಿನ ನಸುಕಿನ ಬಸ್ಸಿಗೆ ಹೊರಟರೂ ನಾವು ಇಂಡಿ ಮುಟ್ಟುವಾಗ ಪ್ರವೇಶ ಶುರುವಾಗಿತ್ತು. ಪಡಸಾಲೆಯ ತುಂಬ ಮಂದಿ. ಕಾವಿ ಹೊದ್ದ ಭಿಕ್ಷು, ಭಂತೇಜಿ, ಶೀಲಗಳನ್ನು ಹೇಳುತ್ತಿದ್ದರು, ಎಲ್ಲರೂ ಕೈಮುಗಿದು ಅವರ ಹಿಂದೆ ಹೇಳುತ್ತಿದ್ದರು. ಅವರ ಎಡಕ್ಕೆ, ಬೆಳ್ಳಗೆ ಬೆಳಗುವ ಪೆಟ್ಟಿಗೆಯಲ್ಲಿ, ನಮ್ಮ ಮೀನುಗಳೆಲ್ಲ ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ಮೊದಲ ಶೀಲ ಮುಗಿಯುವ ಹೊತ್ತಿಗೆ ಒಂದು ಗಜ್ಜರಿ ಅಡ್ಡಾಯಿತು. ಯಾವುದೋ ಮಗು "ಅಲ್ಲಿ ನೋಡ್ರಿ, ಸತ್ತೈತಿ!" ಎಂದು ಕೂಗಿತು. ಎಲ್ಲರ ತಲೆ ತಿರುಗಿತು. ಆಮೇಲೆ ಒಂದರ ಹಿಂದೆ ಒಂದು.

ಭಂತೇಜಿ ಹೇಳುವುದನ್ನು ನಿಲ್ಲಿಸಿದರು. ರೇಣುಕಾಳ ಅತ್ತೆ ಎಲ್ಲರಿಗೂ ಕೇಳುವ ಹಾಗೆ ಅಂದಳು: "ಹೊಸಾ ಮನ್ಯಾಗ, ಶೀಲ ತಗೊಳ್ಳೂ ಮುಂದ, ಜೀವ ತಗದಿ. ಎಂಥಾ ಮನಿ ಹೆಣ್ಣವಾ ನೀನು."

ರೇಣುಕಾ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ನನ್ನ ಹತ್ತಿರ ಬಂದು, "ವೈನಿ, ಏನಾತ್ರಿ? ನೀವು ಹೇಳಿದಂಗ ಮಾಡೇನಲ್ಲ?" ಅಂದಳು.

"ನನಗೇನ್ ಗೊತ್ತವಾ? ಪೆಟಗಿ ನಿಮ್ದು, ನೀರು ನಿಮ್ದು."

ಅದನ್ನು ಹೇಳುವಾಗ ನನ್ನ ನಾಲಿಗೆಗೆ ಸಿಕ್ಕ ಸವಿಯನ್ನು ನಾನು ಇನ್ನೂ ಮರೆತಿಲ್ಲ. ಆಮೇಲೆ ಪ್ರಜ್ಞಾ ಕಂಡಳು. ಮಂದಿಯ ಕಾಲುಗಳ ನಡುವೆ ನುಸುಳಿ ಪೆಟ್ಟಿಗೆಯ ಮುಂದೆ ನಿಂತಿದ್ದಳು. ಹೆಡ್ ಮಾಸ್ತರ ಮರಳಿನ ಮೇಲೆ ಒರಗಿ ಬಿದ್ದಿತ್ತು. ಅವಳು ಅಳಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಬಿಟ್ಟು ಮುತ್ಯಾನ ಹತ್ತಿರ ಹೋಗಿ ಕೂತಳು.

ಎರಡು ವಾರ ಕಳೆಯಿತು. ದೀಪಾವಳಿ ಆಗಿ ಮದುವೆಗಳು ಶುರುವಾದವು. ಓಣಿಯ ಪರಸಪ್ಪನ ಮಗಳ ಮದುವೆಯ ಜಂಪರುಗಳು ನನಗೇ ಬಂದವು. ಮಶೀನಿನ ಸಪ್ಪಳ ಮತ್ತೆ ಮನೆ ತುಂಬಿತು. ಅತ್ತೆ ಬುಸುಗುಡುತ್ತಿದ್ದಳು, ಆದರೆ ತಿಕ್ಕು ಎಂದವಳು ಅವಳೇ, ಏನು ಹೇಳುತ್ತಾಳೆ? ಪ್ರಜ್ಞಾಳಿಗೆ ಹೊಸ ಫ್ರಾಕು ಹೊಲಿದೆ. "ಬ್ಯಾಡ" ಅಂದಳು. ಹಟ ಎಂದುಕೊಂಡೆ.

ಮದುವಣಗಿತ್ತಿಯ ಜಂಪರು ಕೊಡುವ ದಿನ ಬೆಳಿಗ್ಗೆ ಮಶೀನಿಗೆ ಕೂತೆ. ಕೆಳದಾರ ಬರಲಿಲ್ಲ. ಬಗ್ಗಿ ನೋಡಿದರೆ ಬಾಬಿನ್ ಕೂರುವ ಪುಟ್ಟ ಉಕ್ಕಿನ ಡಬ್ಬಿಯೇ ಇಲ್ಲ. ಡ್ರಾವರು ಹುಡುಕಿದೆ, ಚಾಪೆ ಝಾಡಿಸಿದೆ.

"ಅತ್ತ್ಯಾರ, ನನ್ ಬಾಬಿನ್ ಡಬ್ಬಿ ನೋಡಿರೇನು?"

"ನಿನ್ನ ವಸ್ತು ನಿನಗ," ಅಂದಳು ಅತ್ತೆ. ಅವಳಲ್ಲ ಎಂದು ಆಗಲೇ ತಿಳಿಯಿತು. ಅವಳಾಗಿದ್ದರೆ ಕೂಗಾಡುತ್ತಿದ್ದಳು.

ಪ್ರಜ್ಞಾ ಶಾಲೆಯ ಬಟ್ಟೆ ಹಾಕಿಕೊಂಡು ರೊಟ್ಟಿ, ಮೊಸರು ತಿನ್ನುತ್ತ ಕೂತಿದ್ದಳು. ನನ್ನ ಕಡೆ ನೋಡುತ್ತಿರಲಿಲ್ಲ.

"ಪ್ರಜ್ಞಾ, ನೀ ತಗೊಂಡಿಯೇನು?"

"ಹೂಂ."

"ಎಲ್ಲಿಟ್ಟಿ?"

"ಹೇಳಂಗಿಲ್ಲ."

"ಸಂಜಿಕ ಮದುವಣಗಿತ್ತಿ ಜಂಪರ ಕೊಡಬೇಕು. ಹೇಳ್ತಿಯೋ ಬಾರಸಲ್ಯೋ?"

"ಬಾರಸು." ತುತ್ತು ಮೊಸರಿನಲ್ಲಿ ಅದ್ದಿದಳು. "ನೀ ಅವತ್ತ ಸುಮ್ಕಿರು ಅಂದಿ. ಸುಮ್ಕ ಅದೇನಿ."

ಗುರುನಾಥ ಅಂಗಿಯ ಗುಂಡಿ ಹಾಕುವುದನ್ನು ಬಿಟ್ಟು ನಿಂತರು. ಅತ್ತೆ ಮೊರ ಕೆಳಗಿಟ್ಟಳು.

"ನಾನೇನ್ ಮಾಡೇನಿ? ನಿಮ್ಮ ಆಯಿ ತಿಕ್ಕು ಅಂದ್ರು, ತಿಕ್ಕಿದೆ."

"ಆಯಿಗಿ ಗೊತ್ತಿರಲಿಲ್ಲ. ನಿನಗ ಗೊತ್ತಿತ್ತು."

"ಮುತ್ಯಾಗೂ ಗೊತ್ತಿತ್ತು. ಮೊದ್ಲನೇ ಸಲ ಅವ್ರೂ ಹೇಳಿರಲಿಲ್ಲ."

"ಮುತ್ಯಾಗ ಯಾರೂ ಕೇಳಿರಲಿಲ್ಲ." ಈಗ ಅವಳು ನನ್ನನ್ನು ನೇರ ನೋಡಿದಳು. "ನಿನಗ ಅತ್ತಿ ಕೇಳಿದ್ಲು."

ಪೇಟೆಗೆ ಹೋದರೆ ಹತ್ತು ನಿಮಿಷದಲ್ಲಿ ಹೊಸ ಡಬ್ಬಿ ಸಿಗುತ್ತಿತ್ತು. ಆದರೆ ಹೊಸದು ತಂದರೆ ಇವಳು ಅದನ್ನೂ ತೆಗೆಯುತ್ತಾಳೆ. ಅದಾದ ಮೇಲೆ ಸೂಜಿ, ಅದಾದ ಮೇಲೆ ಬೆಲ್ಟು. ನನಗೆ ಗೊತ್ತು. ನಾನಾಗಿದ್ದರೂ ಹಾಗೆಯೇ ಮಾಡುತ್ತಿದ್ದೆ.

"ಏನ್ ಬೇಕು ನಿನಗ?"

"ಅತ್ತಿಗಿ ಫೋನ್ ಮಾಡು. ನಾನ ಕೊಂದೇನಿ ಅನ್ನು. ಆಮ್ಯಾಲ ಕೊಡ್ತೇನಿ."

ಮಶೀನ್ ಇಳಿಸಬೇಕು, ಆಮೇಲೆ ಪೆಟ್ಟಿಗೆ ಏರಿಸಬೇಕು ಎಂದಿದ್ದೆನಲ್ಲ, ಅದೇ ದನಿ. "ಥೇಟ್ ನಿನ್ನಂಗ ಹುಟ್ಟೇತಿ," ಅಂದಳು ಅತ್ತೆ. ಅದರಲ್ಲಿ ನಗೆ ಇರಲಿಲ್ಲ.

ಫೋನ್ ಹಚ್ಚಿದೆ. ಎರಡನೆಯ ರಿಂಗಿಗೇ ಎತ್ತಿದಳು. ಅವತ್ತಿನಿಂದ ಅತ್ತೆಮನೆಯಲ್ಲಿ ಯಾರೂ ಅವಳ ಜೊತೆ ನೆಟ್ಟಗೆ ಮಾತಾಡುತ್ತಿರಲಿಲ್ಲವಂತೆ, ದನಿ ಕುಗ್ಗಿತ್ತು. "ವೈನಿ?"

"ರೇಣುಕಾ, ಆ ನೀರು ನಡಿಯಂಗಿಲ್ಲ ಅಂತ ನನಗ ಗೊತ್ತಿತ್ತು. ಗೊತ್ತಿದ್ದು ನಡೀತೈತಿ ಅಂದೆ. ಮೀನ ನೀ ಕೊಂದಿಲ್ಲ. ನಾನ ಕೊಂದೇನಿ. ನಿಮ್ಮ ಅತ್ತಿಗೂ ಹಿಂಗ ಹೇಳು."

ಆ ಕಡೆಯಿಂದ ಅಳುವ ಸಪ್ಪಳ, ಆಮೇಲೆ ಫೋನ್ ಕಟ್ಟಾಯಿತು. ನನಗೆ ಬೇಕಾಗಿದ್ದ ಅಳು ಅದೇ. ಈ ಸಲ ಅದಕ್ಕೆ ಸವಿ ಇರಲಿಲ್ಲ.

ಪ್ರಜ್ಞಾ ಕೈ ತೊಳೆದುಕೊಂಡು ಹಿತ್ತಲಿಗೆ ಹೋದಳು. ಕರಿಬೇವಿನ ಬುಡ ಕೆದರಿ, ಮಣ್ಣು ಹತ್ತಿದ ಡಬ್ಬಿ ತಂದು ನನ್ನ ಅಂಗೈಯಲ್ಲಿ ಇಟ್ಟಳು.

"ಈಗ ಹೊಲಿ."

ಒರೆಸಿದೆ, ಎಣ್ಣೆ ಬಿಟ್ಟೆ, ಕೂರಿಸಿದೆ. ಸೂಜಿಗೆ ದಾರ ಏರಿಸಲು ಹೋದರೆ ಮೂರು ಸಲ ತಪ್ಪಿತು. ಅವಳು ಚೀಲ ಹೆಗಲಿಗೆ ಹಾಕಿಕೊಂಡು ನೋಡುತ್ತ ನಿಂತಿದ್ದಳು. ಹತ್ತಿರ ಬಂದು, ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ, ಒಂದೇ ಸಲಕ್ಕೆ ಏರಿಸಿಕೊಟ್ಟಳು. ಆಮೇಲೆ ಬರ್ತೇನಿ ಎಂದು ಹೇಳದೆಯೇ ಶಾಲೆಗೆ ಹೋದಳು.